ಎರಡು ಟ್ಯಾಂಕಿನ ಲಾರಿ



ಮೂವತ್ತು ವರ್ಷಕ್ಕೂ ಮಿಕ್ಕು ಕನ್ನಡ ಸಾಹಿತ್ಯವನ್ನು ಪಾಠ ಹೇಳಿ ನಿವೃತ್ತನಾದವನು ಲಾರಿಯ ಎಣ್ಣೆಯ ಟ್ಯಾಂಕನ್ನು ಕುರಿತು ಮಾತನಾಡಲು ಹೊರಟರೆ ನಿಮಗೆ ವಿಚಿತ್ರವೆನಿಸಬಹುದು. ಅಲಂಕಾರಶಾಸ್ತ್ರ ಓದಿದವನಿಗೆ ಯಂತ್ರಶಾಸ್ತ್ರದ ಗೊಡವೆಯೇಕೆಂದು ನೀವು ಕೇಳಿದರೆ ಅದು ನ್ಯಾಯವೇ. ಆದರೆ ನನ್ನನ್ನು ಈ ವಿಷಯಕ್ಕೆ ಎಳೆದು ತಂದದ್ದು ನನ್ನ ನಾಲಗೆ. ಅದರ ತಪ್ಪೊಪ್ಪಿಗೆಯೆಂದೇ ಈ ಮಾತುಗಳನ್ನು ನೀವು ಕೇಳಬೇಕು.

ನನ್ನ ತಂಗಿಯನ್ನು ಕೊಟ್ಟಿರುವುದು ಮಿರ್ಲೆಗೆ. ಚುಂಚನಕಟ್ಟೆಯಲ್ಲಿ ಧುಮುಕಿ ಮುಂದೆ ಹರಿಯುವ ಕಾವೇರಿಯ ಆಸರೆಯಲ್ಲಿ ಭತ್ತ ಬೆಳೆಯುವ ಕೃಷ್ಣರಾಜನಗರದ ಸೀಮೆ ಅದು. ಸುಗ್ಗಿಯ ಕಾಲದಲ್ಲಿ ಅಲ್ಲಿಯ ರಸ್ತೆಗಳಲ್ಲಿ ಮನುಷ್ಯರಿಗಿಂತ ಮೂಟೆಗಳ ಸಂಚಾರವೇ ಹೆಚ್ಚು. ತಂಗಿಯ ಮಗ ಸಾಲ ಮಾಡಿ ಒಂದು ಹಳೆಯ ಲಾರಿಯನ್ನು ಕೊಂಡು ಗದ್ದೆಯಿಂದ ಗಿರಣಿಗೆ ಭತ್ತ ಸಾಗಿಸುತ್ತಿದ್ದ. ಕೆಲವು ವರ್ಷಗಳ ಹಿಂದೆ ಯುಗಾದಿಗೆಂದು ಅಲ್ಲಿಗೆ ಹೋಗಿದ್ದೆ. ಹೊಲದ ಬದುವಿನ ಹೊಂಗೆಯ ಮರಗಳು ಚಿಗುರಿ ನಿಂತಿದ್ದವು. ಅವುಗಳ ನೆರಳಿನಲ್ಲಿ ಕುಳಿತು ಅಳಿಯ ಡೀಸೆಲಿನ ಬೆಲೆಯನ್ನು ಶಪಿಸುತ್ತಿದ್ದ. ಅವನನ್ನು ಸಮಾಧಾನಪಡಿಸುವ ಉತ್ಸಾಹದಲ್ಲಿ ನಾನೊಂದು ಕಥೆ ಹೇಳಿದೆ.

ಕಥೆ ಸತ್ಯವಾದದ್ದೇ. ಜರ್ಮನಿಯ ರುಡಾಲ್ಫ್ ಡೀಸೆಲ್ 1897ರಲ್ಲಿ ತನ್ನ ಯಂತ್ರವನ್ನು ಯಶಸ್ವಿಯಾಗಿ ನಡೆಸಿ ತೋರಿಸಿದ. ಅದಾದ ಮೂರು ವರ್ಷಕ್ಕೆ, 1900ರ ಪ್ಯಾರಿಸ್ಸಿನ ಮಹಾ ಪ್ರದರ್ಶನದಲ್ಲಿ, ಒಟ್ಟೊ ಕಂಪನಿಯವರು ಇಟ್ಟಿದ್ದ ಚಿಕ್ಕ ಡೀಸೆಲ್ ಯಂತ್ರವೊಂದು ಕಡಲೆಕಾಯಿ ಎಣ್ಣೆಯನ್ನು ಕುಡಿದು ಓಡಿತು. ಆಫ್ರಿಕದ ತನ್ನ ವಸಾಹತುಗಳಲ್ಲಿ ಹೇರಳವಾಗಿ ಬೆಳೆಯುವ ಕಡಲೆಕಾಯಿಯಿಂದ ಅಲ್ಲಿಗೆ ಬೇಕಾದ ಶಕ್ತಿಯನ್ನು ಪಡೆಯಬಹುದೆ ಎಂಬುದು ಫ್ರೆಂಚ್ ಸರ್ಕಾರದ ಆಸೆ. ಯಂತ್ರ ಎಷ್ಟು ಸಲೀಸಾಗಿ ನಡೆಯಿತೆಂದರೆ, ಎಣ್ಣೆ ಬದಲಾಗಿರುವುದು ಕೆಲವೇ ಮಂದಿಗೆ ತಿಳಿಯಿತೆಂದು ಡೀಸೆಲನೇ 1912ರಲ್ಲಿ ಬರೆದ. ಮರುವರ್ಷ ಇಂಗ್ಲೆಂಡಿಗೆ ಹಡಗಿನಲ್ಲಿ ಹೋಗುತ್ತಿದ್ದಾಗ ಅವನು ರಾತ್ರೋರಾತ್ರಿ ಕಾಣೆಯಾದ.

"ಹಾಗಾದ್ರೆ ಮಾವ, ನಮ್ಮ ಹೊಂಗೆ ಎಣ್ಣೇಲೂ ಲಾರಿ ಓಡಬೇಕಲ್ಲ?" ಎಂದ ಅಳಿಯ.

"ಓಡದೆ ಏನಪ್ಪ!" ಎಂದುಬಿಟ್ಟೆ. ಅಷ್ಟಕ್ಕೇ ನಿಲ್ಲಲಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸರು ಕಗ್ಗನಹಳ್ಳಿ ಎಂಬ ಊರಿನಲ್ಲಿ ಹೊಂಗೆ ಎಣ್ಣೆಯಿಂದ ಡೀಸೆಲ್ ಜನರೇಟರುಗಳನ್ನು ನಡೆಸಿದ್ದನ್ನೂ ಹೇಳಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲು ಸಿಕ್ಕದೆ ನಮ್ಮ ಮೈಸೂರಿನ ಬಸ್ಸುಗಳು ಬೆನ್ನಿಗೆ ಒಲೆ ಕಟ್ಟಿಕೊಂಡು ಇದ್ದಿಲಿನ ಗ್ಯಾಸಿನಿಂದ ಓಡುತ್ತಿದ್ದುದನ್ನು ನನ್ನ ತಂದೆ ವರ್ಣಿಸುತ್ತಿದ್ದರು, ಅದನ್ನೂ ಸೇರಿಸಿದೆ. ಊಟದ ಹೊತ್ತಾಯಿತು; ಕಥೆ ಅಲ್ಲಿಗೆ ಮುಗಿಯಿತು. ಮುಗಿಯಿತೆಂದು ನಾನು ತಿಳಿದಿದ್ದೆ.

ಆರೇಳು ತಿಂಗಳಿಗೆ ಅಳಿಯನ ಫೋನು ಬಂತು. ಗುಜರಿಯಲ್ಲಿ ಹಳೆಯ ಟ್ಯಾಂಕೊಂದನ್ನು ಕೊಂಡು, ಮನೆಯ ಅಂಗಳದಲ್ಲೇ ಲಾರಿಗೆ ಎರಡನೆಯ ಟ್ಯಾಂಕಾಗಿ ಕೂರಿಸಿದ್ದಾನೆ. ವ್ಯವಸ್ಥೆ ಹೀಗೆ: ಮೊದಲ ಟ್ಯಾಂಕಿನ ಡೀಸೆಲಿನಿಂದ ಬಂಡಿಯನ್ನು ಚಾಲೂ ಮಾಡುವುದು, ಎಂಜಿನ್ನು ಕಾದ ಮೇಲೆ, ಸೀಟಿನ ಪಕ್ಕದ ತಿರುಪನ್ನು ತಿರುಗಿಸಿ ಎರಡನೆಯ ಟ್ಯಾಂಕಿನ ಹೊಂಗೆ ಎಣ್ಣೆಗೆ ಬದಲಾಯಿಸುವುದು, ನಿಲ್ಲಿಸುವ ಮೊದಲು ಮತ್ತೆ ಡೀಸೆಲಿಗೆ ಬಂದು ಪೈಪಿನಲ್ಲಿ ಉಳಿದ ಎಣ್ಣೆಯನ್ನೆಲ್ಲ ಸುಟ್ಟು ಮುಗಿಸುವುದು. ರೇಡಿಯೇಟರಿನ ಬಿಸಿನೀರಿನ ಪೈಪನ್ನು ಆ ಟ್ಯಾಂಕಿನೊಳಗೆ ಸುತ್ತಿಸಿ ಎಣ್ಣೆಯನ್ನು ಕಾಯಿಸುವ ಏರ್ಪಾಡನ್ನೂ ಮಾಡಿದ್ದ. "ಮಾವ, ಓಡ್ತಾ ಇದೆ!" ಎಂದು ಅವನು ಹೇಳಿದಾಗ, ಸತ್ಯ ಹೇಳುತ್ತೇನೆ, ನನಗೆ ಹೆಮ್ಮೆಯಾಯಿತು.

ಮಾರ್ಗಶಿರದ ಚಳಿ ಬಂತು; ಕೊಯ್ಲೂ ಬಂತು. ಒಂದು ಬೆಳಗ್ಗೆ ತಂಗಿಯೇ ಫೋನು ಮಾಡಿದಳು. ಲಾರಿ ಹೊರಡುತ್ತಿಲ್ಲ, ಹೇರಿದ ಭತ್ತ ಹೇರಿದಂತೆಯೇ ನಿಂತಿದೆ, ಸಾಲದ ಕಂತು ಕಟ್ಟುವ ದಿನ ಹತ್ತಿರವಾಗಿದೆ. ನಾನು ಮೊದಲ ಬಸ್ಸು ಹಿಡಿದೆ.

ಅಂಗಳದಲ್ಲಿ ಕೃಷ್ಣರಾಜನಗರದಿಂದ ಬಂದ ವೃದ್ಧ ಮೆಕ್ಯಾನಿಕ್ ಒಬ್ಬರು ಲಾರಿಯ ಕೆಳಗೆ ಮಲಗಿದ್ದರು. ಡೀಸೆಲ್ ಟ್ಯಾಂಕಿನ ಮುಚ್ಚಳ ತೆಗೆದು ಕೈ ಅದ್ದಿ ಬೆರಳನ್ನು ಮೂಸಿದರು. ಡೀಸೆಲ್ ಟ್ಯಾಂಕಿನಲ್ಲಿದ್ದದ್ದು ಬಹುಪಾಲು ಹೊಂಗೆ ಎಣ್ಣೆ! ಅದು ಹೇಗೆ ಬಂತೆಂಬುದನ್ನು ಅವರು ವಿವರಿಸಿದರು. ಪಂಪು ಟ್ಯಾಂಕಿನಿಂದ ಎಳೆದ ಎಣ್ಣೆಯೆಲ್ಲ ಉರಿದುಹೋಗುವುದಿಲ್ಲ. ಮಿಕ್ಕದ್ದು ಇನ್ನೊಂದು ಪೈಪಿನ ಮೂಲಕ ಟ್ಯಾಂಕಿಗೆ ಹಿಂತಿರುಗುತ್ತದೆ. ಅಳಿಯ ಹೋಗುವ ಪೈಪಿಗೆ ತಿರುಪು ಹಾಕಿದ್ದ. ಬರುವ ಪೈಪನ್ನು ಮರೆತಿದ್ದ. ಹೊಂಗೆಯ ಟ್ಯಾಂಕಿನಿಂದ ಹೊರಟ ಎಣ್ಣೆ ದಿನವೂ ಡೀಸೆಲ್ ಟ್ಯಾಂಕಿಗೆ ಹಿಂತಿರುಗುತ್ತ ಬಂದಿತ್ತು. ಬೆಚ್ಚಗಿನ ದಿನಗಳಲ್ಲಿ ಹೇಗೋ ನಡೆಯಿತು. ಹೊಂಗೆ ಎಣ್ಣೆ ಡೀಸೆಲಿಗಿಂತ ಹತ್ತು ಪಟ್ಟಾದರೂ ಮಂದ. ಚಳಿಗೆ ಇನ್ನಷ್ಟು ಗಟ್ಟಿಯಾದ ಅದನ್ನು ತಣ್ಣಗಿನ ಎಂಜಿನ್ನು ಹೇಗೆ ಉರಿಸೀತು? ಬಿಚ್ಚಿದ ನಾಜಲುಗಳ ತುದಿಯಲ್ಲಿ ಕರಿಯ ಮಸಿ ಹೆಪ್ಪುಗಟ್ಟಿತ್ತು.

ಅಷ್ಟರಲ್ಲಿ ಅಂಗಳದ ಇನ್ನೊಂದು ಮೂಲೆಯಲ್ಲಿ ಮತ್ತೊಂದು ಕೆಲಸ ಸಿದ್ಧವಾಗುತ್ತಿತ್ತು. ಗುಜರಿ ಟ್ಯಾಂಕಿನ ಬೆಸುಗೆ ಸೋರುತ್ತಿದ್ದುದರಿಂದ ಅದನ್ನು ಬಿಚ್ಚಿ, ಬರಿದುಮಾಡಿ ಇಟ್ಟಿದ್ದರು. ವೆಲ್ಡಿಂಗ್ ಮಾಡುವ ಹುಡುಗ ಬಂದು ತಂತಿ ಜೋಡಿಸುತ್ತಿದ್ದ. ಅಳಿಯ ಟ್ಯಾಂಕನ್ನು ಹಿಡಿದುಕೊಂಡು ಕುಳಿತಿದ್ದ. ಲಾರಿಯ ಕೆಳಗಿನಿಂದ ಇದನ್ನು ಕಂಡ ಆ ವೃದ್ಧರು, "ಏಯ್, ನಿಲ್ಸೋ!" ಎಂದು ಕೂಗಿದ ಕೂಗು ಈಗಲೂ ನನ್ನ ಕಿವಿಯಲ್ಲಿದೆ.

"ಖಾಲಿ ಅಲ್ವಾ ಸಾಹೇಬ್ರೆ?" ಎಂದ ಹುಡುಗ.

"ಖಾಲಿ ಆಗಿರೋದಕ್ಕೇ ಹೇಳಿದ್ದು," ಎಂದರು ಅವರು. ತುಂಬಿದ ಟ್ಯಾಂಕಿನಲ್ಲಿ ಆವಿಗೆ ಎಡೆ ಕಡಿಮೆ. ಬರಿದಾದ ಟ್ಯಾಂಕಿನ ಗೋಡೆಗೆ ಅಂಟಿದ ಎಣ್ಣೆ ಬೆಸುಗೆಯ ಶಾಖಕ್ಕೆ ಆವಿಯಾಗುತ್ತದೆ. ಒಳಗಿನ ಗಾಳಿಯೊಡನೆ ಬೆರೆಯುತ್ತದೆ. ಆಮೇಲೆ ಕಿಡಿಯೊಂದು ಸಾಕು, ಟ್ಯಾಂಕೇ ಸಿಡಿಗುಂಡು. ನೀರಿನಲ್ಲಿ ಜಾಲಿಸಿದ ಮಾತ್ರಕ್ಕೆ ಅಪಾಯ ತಪ್ಪದು. ಅದನ್ನು ಶುದ್ಧಿಮಾಡಿ ಬೆಸೆಯುವುದು ಆ ವಿದ್ಯೆ ಕಲಿತವರ ಕೆಲಸ. ಅವರು ತೋಳನ್ನು ಮೇಲೆತ್ತಿ ಮೊಣಕೈಯಿಂದ ಭುಜದವರೆಗಿನ ಸುಟ್ಟ ಗಾಯದ ಕಲೆಯನ್ನು ತೋರಿಸಿದರು. ಅವರ ಜೊತೆಯಲ್ಲಿ ಅಂದು ಟ್ಯಾಂಕು ಹಿಡಿದು ಕುಳಿತಿದ್ದವನು ಬದುಕಲಿಲ್ಲವಂತೆ. ನನ್ನ ತಂಗಿ ಬಾಗಿಲಲ್ಲಿ ನಿಂತು ಇದನ್ನೆಲ್ಲ ಕೇಳುತ್ತಿದ್ದಳು. ನನಗೆ ಅವಳ ಮುಖವನ್ನು ನೋಡಲಾಗಲಿಲ್ಲ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಯುಗಾದಿಯ ದಿನ ನಾನು ಹೇಳಿದ್ದು ಸುಳ್ಳಲ್ಲ, ಅರ್ಧ ಕಥೆ. ಡೀಸೆಲನ ಕಾಲದಿಂದೀಚೆಗೆ ಈ ಯಂತ್ರಗಳು ತೆಳುವಾದ ಡೀಸೆಲಿಗೆ ಹೊಂದಿಕೊಂಡು ಬೆಳೆದಿವೆ; ಈಚಿನ ಲಾರಿಗಳ ಸೂಕ್ಷ್ಮ ಪಂಪುಗಳಂತೂ ಹಸಿ ಎಣ್ಣೆಯನ್ನು ಸ್ವಲ್ಪವೂ ತಾಳವು. ಹೊಂಗೆ ಎಣ್ಣೆಯನ್ನು ಮೆಥನಾಲ್ ಮತ್ತು ಕ್ಷಾರದೊಡನೆ ಸಂಸ್ಕರಿಸಿ, ಗ್ಲಿಸರಿನ್ನನ್ನು ಬೇರ್ಪಡಿಸಿದರೆ ತೆಳುವಾದ ಜೈವಿಕ ಡೀಸೆಲ್ ದೊರೆಯುತ್ತದೆ. ಆದರೆ ಮೆಥನಾಲ್ ವಿಷ, ಬೇಗ ಹೊತ್ತಿಕೊಳ್ಳುವಂಥದು; ಅಡುಗೆಮನೆಯಲ್ಲಿ ಮಾಡುವ ಪಾಕವಲ್ಲ. ಅದಕ್ಕೆಂದೇ ಪಕ್ಕದ ಹಾಸನ ಜಿಲ್ಲೆಯ ಮಡೆನೂರಿನಲ್ಲಿ ಕೃಷಿ ವಿಶ್ವವಿದ್ಯಾನಿಲಯದ ಜೈವಿಕ ಇಂಧನ ಉದ್ಯಾನವನ್ನು ಮಾಡಲಾಯಿತು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಂತೆ, ನೋಂದಣಿ ಪುಸ್ತಕದ ವಿವರಕ್ಕೂ ತಯಾರಕರ ಮೂಲ ನಿರ್ದೇಶಕ್ಕೂ ಹೊಂದದ ಹಾಗೆ ವಾಹನವನ್ನು ಮಾಲೀಕ ತನ್ನಿಷ್ಟಕ್ಕೆ ಮಾರ್ಪಡಿಸುವಂತಿಲ್ಲ. ಹಾಗೆ ಮಾರ್ಪಡಿಸಿದ ಲಾರಿಗೆ ಅಪಘಾತವಾದರೆ ವಿಮೆಯವರೊಡನೆಯೂ ತಕರಾರು ಬಂದೀತು. ಇವಿಷ್ಟನ್ನೂ ಯುಗಾದಿಯ ದಿನವೇ ವಿಚಾರಿಸಿ ಹೇಳುವುದು ನನಗೆ ಸಾಧ್ಯವಿತ್ತು. ಆದರೆ ಕಥೆಯ ರುಚಿ ಕೆಡುತ್ತಿತ್ತು.

ತರಗತಿಯಲ್ಲಿ ಮಾತನಾಡಿದವನಿಗೆ ತನ್ನ ಮಾತು ಯಾರ ಅಂಗಳದಲ್ಲಿ ಏನಾಗುತ್ತದೆಂದು ನೋಡುವ ಪ್ರಸಂಗ ಬರುವುದು ಅಪರೂಪ. ಹೋಗುವ ಪೈಪೊಂದೇ ನಮ್ಮ ಅನುಭವ. ಹಿಂತಿರುಗುವ ಪೈಪು ಎಲ್ಲಿ ಸುರಿಯುತ್ತದೆಂದು ನಾವು ಬಗ್ಗಿ ನೋಡುವುದಿಲ್ಲ.

ನಾಜಲು, ಪಂಪುಗಳ ದುರಸ್ತಿಯ ಖರ್ಚನ್ನೂ ಆ ತಿಂಗಳ ಕಂತನ್ನೂ ನಾನೇ ಕಟ್ಟಿದೆ. ಅಳಿಯ ಬೇಡವೆಂದ, ಕೇಳಲಿಲ್ಲ. ಎರಡನೆಯ ಟ್ಯಾಂಕು ಗುಜರಿಗೇ ಹಿಂತಿರುಗಿತು. ಹೊಂಗೆಯ ಬೀಜವನ್ನು ಈಗ ಗಾಣಕ್ಕೆ ಕೊಡುತ್ತಾನೆ. ನಾಲ್ಕು ಕಿಲೋ ಬೀಜಕ್ಕೆ ಸುಮಾರು ಒಂದು ಕಿಲೋ ಎಣ್ಣೆ, ಉಳಿದ ಹಿಂಡಿ ಗದ್ದೆಗೆ ಗೊಬ್ಬರ. ಲೆಕ್ಕದಲ್ಲಿ ಇದೇ ವಾಸಿ ಎನ್ನುತ್ತಾನೆ. ಆ ವೃದ್ಧ ಮೆಕ್ಯಾನಿಕ್ಕರ ಬಳಿ ಬಿಡುವಿನ ದಿನಗಳಲ್ಲಿ ಕೆಲಸ ಕಲಿಯುತ್ತಲೂ ಇದ್ದಾನೆ.

ಕಳೆದ ಯುಗಾದಿಗೆ ಮತ್ತೆ ಮಿರ್ಲೆಗೆ ಹೋಗಿದ್ದೆ. ಊಟವಾದ ಮೇಲೆ ಅದೇ ಹೊಂಗೆಯ ನೆರಳು, ಅದೇ ಮಂದಿ. ಅಳಿಯನ ಮಗ, ಆರು ವರ್ಷದವನು, ತೊಡೆಯೇರಿ ಕಥೆ ಹೇಳೆಂದು ಹಟ ಹಿಡಿದ. ನಾನು ತಂಗಿಯ ಕಡೆ ನೋಡಿದೆ. ಅವಳು ಎಲೆ ಅಡಿಕೆಯ ತಟ್ಟೆಯನ್ನು ಮುಂದಿಡುತ್ತ, "ಹೇಳಣ್ಣ, ಆದ್ರೆ ಅರ್ಧಕ್ಕೆ ನಿಲ್ಲಿಸಬೇಡ," ಎಂದಳು.



(ಆಕಾಶವಾಣಿಯಲ್ಲಿ ಪ್ರಸಾರವಾದ ಭಾಷಣ)