ರಾತ್ರಿಯೂಟ ಮತ್ತು ನಲವತ್ತು ಹೆಜ್ಜೆ

(ಗೇರುಸೊಪ್ಪದಲ್ಲಿ ಹಿರಿಯರ ಸಭೆಯಲ್ಲಿ ಮಾಡಿದ ಭಾಷಣ)



ಉರ್ದುವಿನಲ್ಲಿ ನಿಧಾನವಾದ ಅಡ್ಡಾಟಕ್ಕೆ ‘ಚಹಲ್‌ಕದಮಿ’ ಎನ್ನುತ್ತೇವೆ. ಚಹಲ್ ಎಂದರೆ ನಲವತ್ತು, ಕದಮ್ ಎಂದರೆ ಹೆಜ್ಜೆ. ಕನ್ನಡದ ಸರ್ವಜ್ಞ ಉಂಡ ಮೇಲೆ ನೂರು ಹೆಜ್ಜೆ ಇಡಲು ಹೇಳಿದ್ದಾನೆ. ಲೆಕ್ಕ ಬೇರೆಯಾದರೂ ಬುದ್ಧಿಮಾತು ಒಂದೇ: ಉಂಡ ಕೂಡಲೇ ಮಲಗಬೇಡಿ.

ವಯಸ್ಸಾದಂತೆ ಹಲ್ಲು ಸಡಿಲವಾಗಿ ಅಗಿಯುವುದು ಕಷ್ಟವಾಗುತ್ತದೆ. ಕರುಳಿನ ಚಲನೆ ನಿಧಾನವಾಗಿ ಮಲಬದ್ಧತೆ ಕಾಡುತ್ತದೆ. ಸ್ನಾಯುಗಳು ಕ್ಷೀಣಿಸಿ, ರಕ್ತದಲ್ಲಿನ ಸಕ್ಕರೆಯನ್ನು ಬಳಸುವ ಶಕ್ತಿಯೂ ಕುಂದುತ್ತದೆ. ಊಟ ಜಠರದಿಂದ ಕೆಳಗಿಳಿಯಲು ಸುಮಾರು 2ರಿಂದ 4 ಗಂಟೆ ಬೇಕು. ಹತ್ತೂವರೆಗೆ ಅನ್ನ, ಮೀನು ಸಾರು ಉಂಡು ಹನ್ನೊಂದಕ್ಕೆ ಮಲಗಿದರೆ ಆಮ್ಲ ಮೇಲೇರಿ ಎದೆ ಉರಿಯುತ್ತದೆ. ಮದುವೆ ಮನೆಯ ಬಿರಿಯಾನಿಯಾದರೆ ಕೇಳುವುದೇ ಬೇಡ. ಜಿಡ್ಡಿನ ಆಹಾರ ಜಠರದಲ್ಲಿ ಇನ್ನೂ ಹೆಚ್ಚು ಹೊತ್ತು ನಿಲ್ಲುತ್ತದೆ.

ನಡೆಯುವಾಗ ಕಾಲಿನ ಸ್ನಾಯುಗಳು ಊಟದಿಂದ ರಕ್ತಕ್ಕೆ ಬಂದ ಸಕ್ಕರೆಯನ್ನು ಬಳಸಿಕೊಳ್ಳುತ್ತವೆ. 2013ರಲ್ಲಿ ಅಮೆರಿಕದ ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರು 60 ದಾಟಿದ 10 ಜನರ ಮೇಲೆ ನಡೆಸಿದ ಅಧ್ಯಯನವನ್ನು ಪ್ರಕಟಿಸಿದರು. ಅಧ್ಯಯನ ಚಿಕ್ಕದು, ಆದರೆ ಪಾಠ ದೊಡ್ಡದು. ರಾತ್ರಿಯೂಟದ ನಂತರ ಏರುವ ಸಕ್ಕರೆಯನ್ನು ತಗ್ಗಿಸಲು, ಹಗಲಲ್ಲಿ ಒಮ್ಮೆಗೇ 45 ನಿಮಿಷ ನಡೆಯುವುದಕ್ಕಿಂತ ಪ್ರತಿ ಊಟದ ಬಳಿಕ 15 ನಿಮಿಷ ನಡೆಯುವುದೇ ಹೆಚ್ಚು ಪರಿಣಾಮಕಾರಿಯಾಗಿತ್ತು.

ಇದಕ್ಕೆ ನಮ್ಮ ದಿನಚರಿಯಲ್ಲೇ ಜಾಗವಿದೆ. ಮಗ್ರಿಬ್ ನಮಾಝಿನ ನಂತರ ಹಗುರವಾಗಿ ಉಂಡು, ಇಶಾಕ್ಕೆ ಮಸೀದಿಗೆ ಬೈಕ್ ಬಿಟ್ಟು ನಡೆದೇ ಹೋಗೋಣ. ಹೊಟ್ಟೆಯ ಮೂರನೇ ಒಂದು ಭಾಗ ಆಹಾರಕ್ಕೆ, ಒಂದು ಭಾಗ ನೀರಿಗೆ, ಒಂದು ಭಾಗ ಉಸಿರಿಗೆ ಎಂಬ ಪ್ರವಾದಿ(ಸ)ಯವರ ಬೋಧನೆ ನಮಗೆಲ್ಲ ತಿಳಿದದ್ದೇ.

ಆದರೆ ನಮ್ಮ ಮನೆಗಳಲ್ಲಿ ತಾಯಂದಿರು ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುತ್ತಾರೆ. ಪಾತ್ರೆ ತೊಳೆದು ಹಾಗೆಯೇ ಮಲಗುತ್ತಾರೆ. ಅವರಿಗೂ ಸಕ್ಕರೆ ಕಾಯಿಲೆ ಇದೆ, ಅವರಿಗೂ ಮಂಡಿನೋವಿದೆ. ಮನೆಮಂದಿಯೆಲ್ಲ ಬೇಗ, ಒಟ್ಟಿಗೆ ಕುಳಿತು ಉಂಡು, ಪಾತ್ರೆ ತೊಳೆಯಲು ಕೈಜೋಡಿಸಿದರೆ ಅಂಗಳದಲ್ಲಿ ಅಡ್ಡಾಡಲು ಅವರಿಗೂ ಬಿಡುವು ಸಿಗುತ್ತದೆ. ಮಳೆಗಾಲದಲ್ಲಿ ಅಂಗಳ ಪಾಚಿ ಹಿಡಿದು ಜಾರುತ್ತದೆ. ಆಗ ಜಗಲಿಯಲ್ಲೇ ನಡೆಯಲಿ.

ಎರಡು ಎಚ್ಚರಿಕೆಗಳು. ಇನ್ಸುಲಿನ್ ಅಥವಾ ಸಕ್ಕರೆಯ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಿಯೇ ಊಟದ ಹೊತ್ತು ಬದಲಿಸಬೇಕು. ನಡೆಯುವಾಗ ಎದೆ ಬಿಗಿದರೆ, ಬೆವರಿದರೆ, ‘ಗ್ಯಾಸ್’ ಎಂದು ಸೋಡಾ ಕುಡಿದು ಕೂರಬೇಡಿ. ಅದು ಹೃದಯದ ತೊಂದರೆಯಿರಬಹುದು. ತಕ್ಷಣ ಆಸ್ಪತ್ರೆಗೆ ಹೋಗಿ.

ಇಂದು ರಾತ್ರಿಯಿಂದಲೇ ಆರಂಭಿಸೋಣ. ಮೊದಲ ದಿನ ನಲವತ್ತು ಹೆಜ್ಜೆಯಾದರೂ ಸಾಕು. ಅಲ್ಲಾಹನು ನಮ್ಮೆಲ್ಲರಿಗೂ ಆರೋಗ್ಯ ಕರುಣಿಸಲಿ, ಆಮೀನ್.