ಒಂದು ಟ್ಯಾಂಕ್ ಪೆಟ್ರೋಲ್ ಎಷ್ಟು ದೂರ?



ರಜೆ ಬಂತೆಂದರೆ ನಿಮ್ಮಲ್ಲಿ ಅನೇಕರು ಮೂಡಿಗೆರೆಯಿಂದ ದೇವರಮನೆ ಗುಡ್ಡಕ್ಕೆ ಬೈಕಿನಲ್ಲಿ ಹೊರಡುತ್ತೀರಿ. ನಿಮ್ಮ ಬೈಕಿನ ಮೈಲೇಜ್ ಎಷ್ಟು ಎಂದು ಕೇಳಿದರೆ ಹೆಚ್ಚಿನವರು ಕಂಪೆನಿ ಹೇಳಿದ ಅಂಕಿಯನ್ನೇ ಹೇಳುತ್ತೀರಿ. ಅದು ನಿಗದಿತ ಪರೀಕ್ಷೆಯಲ್ಲಿ ಬಂದ ಅಂಕಿ. ಇಬ್ಬರು ಕುಳಿತು ಎರಡನೇ ಗೇರಿನಲ್ಲಿ ಏರು ಹತ್ತುವಾಗ ಅಷ್ಟು ಸಿಗುವುದಿಲ್ಲ.

ನೀವೇ ಲೆಕ್ಕ ಹಾಕಿ ನೋಡಿ. ಟ್ಯಾಂಕ್ ತುಂಬಿಸಿ ಮೀಟರಿನ ಅಂಕಿ ಬರೆದಿಟ್ಟುಕೊಳ್ಳಿ. ಕೆಲವು ದಿನ ಓಡಿಸಿ ಮತ್ತೆ ಅದೇ ಮಟ್ಟಕ್ಕೆ ತುಂಬಿಸಿ. 225 ಕಿ.ಮೀ.ಗೆ 5 ಲೀಟರ್ ಹಿಡಿದರೆ ಮೈಲೇಜ್ 45. ಟ್ಯಾಂಕ್ 10 ಲೀಟರಿನದಾದರೆ 450 ಕಿ.ಮೀ. ಎಂದು ನಂಬಬೇಡಿ. 2 ಲೀಟರ್ ಕೈಬಿಟ್ಟು 360 ಎಂದುಕೊಳ್ಳಿ. ಘಟ್ಟದಲ್ಲಿ ಇನ್ನೂ ಕಡಿಮೆ. ಹಿಂದೆ ಪೆಟ್ರೋಲ್ ಮುಗಿದರೆ ನಾಬ್ ಅನ್ನು ರಿಸರ್ವ್‌ಗೆ ತಿರುಗಿಸುತ್ತಿದ್ದೆವು. 2020ರ ಏಪ್ರಿಲ್‌ನಲ್ಲಿ ಬಿ.ಎಸ್.-6 ನಿಯಮ ಬಂದ ಮೇಲೆ ಹೆಚ್ಚಿನ ಹೊಸ ಬೈಕುಗಳು ಫ್ಯೂಯಲ್ ಇಂಜೆಕ್ಷನ್‌ನವು. ಅವುಗಳಲ್ಲಿ ಆ ನಾಬ್ ಇಲ್ಲ.

ಇನ್ನು ಮುಖ್ಯವಾದ ಮಾತು. ಪೆಟ್ರೋಲ್ ಉಳಿಸಲು ಇಳಿಜಾರಿನಲ್ಲಿ ಇಂಜಿನ್ ಆಫ್ ಮಾಡಿ ನ್ಯೂಟ್ರಲ್‌ನಲ್ಲಿ ಬರುವವರಿದ್ದಾರೆ. ಆಗ ಇಂಜಿನ್ನಿನ ಹಿಡಿತ ತಪ್ಪಿ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಬ್ರೇಕ್ ಅತಿಯಾಗಿ ಕಾದರೆ ಸರಿಯಾಗಿ ಹಿಡಿಯುವುದಿಲ್ಲ. ಮಂಜು ಕವಿದ ತಿರುವಿನಲ್ಲಿ ಎದುರಿಗೆ ಜೀಪ್ ಬಂದರೆ ಏನು ಗತಿ? ಇಂಜೆಕ್ಷನ್ ಬೈಕನ್ನು ಗೇರಿನಲ್ಲೇ, ಎಕ್ಸಿಲರೇಟರ್ ಬಿಟ್ಟು ಇಳಿಸಿದರೆ ಪೆಟ್ರೋಲ್ ಹೇಗೂ ಬಹುತೇಕ ನಿಲ್ಲುತ್ತದೆ. ಆಫ್ ಮಾಡಿ ಉಳಿಸುವುದು ಒಂದು ಚಹಾದ ಕಾಸೂ ಅಲ್ಲ.

ಆದ್ದರಿಂದ ಮೂಡಿಗೆರೆಯಲ್ಲೇ ಟ್ಯಾಂಕ್ ನೋಡಿಕೊಳ್ಳಿ. ಹತ್ತಿದ ಗೇರಿನಲ್ಲೇ ಇಳಿಯಿರಿ. ಮನೆಯಲ್ಲಿ ತಾಯಿ ಕಾಯುತ್ತಿರುತ್ತಾರೆ ಎಂಬುದನ್ನು ಮರೆಯಬೇಡಿ.