ಮೋಟಾರು ಗಾಡಿಯ ತಂಪು ನೀರು



ಬಿ.ದುರ್ಗದಿಂದ ಹೊಳಲ್ಕೆರೆಗೋ ಚಿತ್ರದುರ್ಗಕ್ಕೋ ಹೋಗುವ ದಾರಿಯಲ್ಲಿ, ಬೇಸಗೆಯ ನಡುಹಗಲಿನಲ್ಲಿ, ಮೂತಿಯ ಮುಚ್ಚಳವನ್ನೆತ್ತಿಕೊಂಡು ಹಬೆಯುಗುಳುತ್ತ ನಿಂತ ಮೋಟಾರು ಗಾಡಿಯನ್ನು ನೋಡದವರು ವಿರಳ. ಅದರ ಒಡೆಯನು ಪಕ್ಕದ ತೋಟದ ಕೊಳವೆ ಬಾವಿಯಿಂದ ಒಂದು ಕೊಡ ನೀರು ತಂದು ಹೊಯ್ದು, ಗಾಡಿಯನ್ನು ಹೊರಡಿಸಿ, ಕೆಲಸವಾಯಿತೆಂದು ಸಮಾಧಾನಪಟ್ಟುಕೊಳ್ಳುತ್ತಾನೆ. ಆ ಕೊಡ ನೀರೇ ಮುಂದಿನ ಕೇಡಿಗೆ ಬೀಜವಾಗಬಲ್ಲದೆಂಬುದನ್ನೂ, ಆ ಕೇಡನ್ನು ಮನೆಯಂಗಳದಲ್ಲಿಯೇ ಒಂದು ರಜಾದಿನದ ಶ್ರಮದಿಂದ ತಪ್ಪಿಸಬಹುದೆಂಬುದನ್ನೂ ಇಂದು ವಿವರಿಸಬಯಸುತ್ತೇವೆ. ನಮ್ಮ ಹಳ್ಳಿಗಳಲ್ಲಿ ಗಾಡಿಯೆಂಬುದು ಬರಿಯ ವಿಲಾಸದ ವಸ್ತುವಲ್ಲ. ಅಡಕೆಯನ್ನು ಮಂಡಿಗೆ ಮುಟ್ಟಿಸುವುದೂ ಅದೇ. ನಡುರಾತ್ರಿಯಲ್ಲಿ ಹೆರಿಗೆಯ ನೋವೆದ್ದ ಹೆಂಗಸನ್ನು ಆಸ್ಪತ್ರೆಗೆ ಕೊಂಡೊಯ್ಯುವುದೂ ಅದೇ. ಅದು ದಾರಿಯಲ್ಲಿ ನಿಂತರೆ ನಿಲ್ಲುವುದು ಗಾಡಿಯೊಂದೇ ಅಲ್ಲ.

ಮೊದಲು ತತ್ತ್ವವನ್ನು ತಿಳಿಯೋಣ. ಎಂಜಿನ್ನಿನೊಳಗೆ ಉರಿಯುವ ಅನಿಲದ ಶಾಖವು 2000 ಡಿಗ್ರಿ ಸೆಂಟಿಗ್ರೇಡನ್ನು ಮೀರುತ್ತದೆ. ಅಲ್ಯುಮಿನಿಯಂ ಲೋಹವಾದರೋ 660 ಡಿಗ್ರಿಗೇ ಕರಗುತ್ತದೆ. ಸ್ಥೂಲವಾಗಿ ಹೇಳುವುದಾದರೆ, ಇಂಧನದಿಂದ ಹುಟ್ಟುವ ಶಾಖದಲ್ಲಿ ಮೂರರಲ್ಲೊಂದು ಪಾಲು ಚಕ್ರವನ್ನು ತಿರುಗಿಸುತ್ತದೆ. ಇನ್ನೊಂದು ಪಾಲು ಹೊಗೆಯೊಡನೆ ಹೋಗುತ್ತದೆ. ಉಳಿದ ಪಾಲನ್ನು ಹೊತ್ತು ಹೊರಗೆ ಹಾಕುವ ಭಾರ ತಂಪುದ್ರವದ್ದು. 1886ರಲ್ಲಿ ಬೆಂಜ್ ಮಹಾಶಯನು ಪೇಟೆಂಟ್ ಪಡೆದ ಗಾಡಿಯಲ್ಲಿ ನೀರು ಕುದಿದು ಆವಿಯಾಗಿಯೇ ಹೋಗುತ್ತಿತ್ತು. 1888ರಲ್ಲಿ ಆತನ ಪತ್ನಿ ಬರ್ತಾ ಬೆಂಜ್ ಆ ಬಗೆಯ ಗಾಡಿಯಲ್ಲಿ ದೂರ ಪ್ರಯಾಣ ಹೊರಟಾಗ, ದಾರಿಯುದ್ದಕ್ಕೂ ನೀರನ್ನು ತುಂಬಿಕೊಳ್ಳಬೇಕಾಯಿತು. ಇಂದಿನ ಗಾಡಿಗಳಲ್ಲಿ ದ್ರವವು ಆವಿಯಾಗದೆ, ಪಂಪಿನಿಂದ ನೂಕಲ್ಪಟ್ಟು, ಎಂಜಿನ್ನಿನಿಂದ ರೇಡಿಯೇಟರಿಗೂ ರೇಡಿಯೇಟರಿನಿಂದ ಎಂಜಿನ್ನಿಗೂ ದೇಹದಲ್ಲಿ ರಕ್ತವು ಸುತ್ತುವಂತೆ ಸುತ್ತುತ್ತಿರುತ್ತದೆ. ನಡುವೆ ಥರ್ಮೋಸ್ಟಾಟ್ ಎಂಬ ಬಾಗಿಲೊಂದುಂಟು. ಎಂಜಿನ್ನು ಸುಮಾರು 80ರಿಂದ 90 ಡಿಗ್ರಿಯಷ್ಟು ಕಾಯುವ ತನಕ ಅದು ಮುಚ್ಚಿಕೊಂಡೇ ಇರುತ್ತದೆ. ಈ ಬಾಗಿಲಿನ ವಿಷಯವನ್ನು ನೆನಪಿನಲ್ಲಿಡಬೇಕು.

ಇನ್ನು ನಮ್ಮ ಸೀಮೆಯ ನೀರಿನ ಮಾತು. ಬಚ್ಚಲುಮನೆಯ ಹಂಡೆಯ ಒಳಮೈಯನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೊಳವೆ ಬಾವಿಯ ಗಡಸು ನೀರನ್ನು ಕಾಯಿಸಿದಾಗ, ಅದರಲ್ಲಿ ಕರಗಿದ್ದ ಸುಣ್ಣದ ಅಂಶವು ಬೇರ್ಪಟ್ಟು ಬಿಳಿಯ ಪೊರೆಯಾಗಿ ಕಟ್ಟಿಕೊಳ್ಳುತ್ತದೆ. ಹಂಡೆಗಾದರೆ ಅದರಿಂದ ಸೌದೆಯ ಖರ್ಚು ಹೆಚ್ಚಬಹುದು, ಅಷ್ಟೆ. ರೇಡಿಯೇಟರಿನ ನಾಳಗಳಾದರೋ ಬಹಳ ಸಣ್ಣವು. ಸುಣ್ಣದ ಪೊರೆಯು ಶಾಖವನ್ನು ಹಾಯಗೊಡುವುದರಲ್ಲಿ ಲೋಹಕ್ಕಿಂತ ಹತ್ತಾರು ಪಾಲು ಮಂದ. ಹೀಗಿರಲು, ಪ್ರತಿ ಕೊಡ ಗಡಸು ನೀರೂ ಎಂಜಿನ್ನಿಗೆ ಒಳಗಿನಿಂದ ಒಂದೊಂದು ಕಂಬಳಿಯನ್ನು ಹೊದಿಸಿದಂತಾಗುತ್ತದೆ. ದುರ್ಗದ ಕೋಟೆಯನ್ನು ಕಟ್ಟಿದವರು ಬಂಡೆಯ ಮೇಲೆ ಬಿದ್ದ ಮಳೆನೀರನ್ನು ಹೊಂಡಗಳಲ್ಲಿ ಹಿಡಿದಿಟ್ಟರು. ಅಂಥ ಮಳೆನೀರು ಮೆದುವಾದದ್ದು. ನೆಲದಾಳದ ಕಲ್ಲುಗಳ ನಡುವೆ ಬಹುಕಾಲ ನಿಂತ ನೀರು ಕಲ್ಲಿನ ಲವಣಗಳನ್ನೆಲ್ಲ ಹೀರಿಕೊಂಡು ಬರುತ್ತದೆ.

ಗಡಸಲ್ಲದ ಬರಿಯ ನೀರಾದರೂ ಸಾಲದು. ಸಮುದ್ರಮಟ್ಟಕ್ಕೆ ಸುಮಾರು 730 ಮೀಟರು ಮೇಲಿರುವ ಚಿತ್ರದುರ್ಗದಲ್ಲಿ ತೆರೆದ ಪಾತ್ರೆಯ ನೀರು ಸುಮಾರು 97.5 ಡಿಗ್ರಿಗೇ ಕುದಿಯುತ್ತದೆ. ಅಲ್ಲದೆ ನೀರಿನಿಂದ ಲೋಹಕ್ಕೆ ತುಕ್ಕು ಹಿಡಿಯುತ್ತದೆ. ಆದಕಾರಣ ಎಥಿಲೀನ್ ಗ್ಲೈಕಾಲ್ ಎಂಬ ದ್ರವವನ್ನೂ ತುಕ್ಕುತಡೆಯ ಔಷಧಗಳನ್ನೂ ಸೇರಿಸಿದ ಕೂಲೆಂಟನ್ನು ಬೆರೆಸುತ್ತಾರೆ. ನಮ್ಮಲ್ಲಿ ಹಿಮ ಬೀಳುವುದಿಲ್ಲವಲ್ಲ, ಇದೇತಕ್ಕೆಂದು ಕೆಲವರು ಕೇಳುತ್ತಾರೆ. ಹೆಪ್ಪುಗಟ್ಟುವುದನ್ನು ತಡೆಯುವುದು ಅದರ ಒಂದು ಗುಣ ಮಾತ್ರ. ನಮಗೆ ಬೇಕಾದುದು ಕುದಿತವನ್ನು ಮೇಲೇರಿಸುವ, ತುಕ್ಕನ್ನು ತಡೆಯುವ ಗುಣಗಳು. ಹಾಗೆಂದು ಹೆಚ್ಚು ಹಾಕಿದಷ್ಟೂ ಒಳಿತೆನ್ನಲಾಗದು. ಶಾಖವನ್ನು ಹೊರುವುದರಲ್ಲಿ ನೀರೇ ಮೇಲು. ಆದ್ದರಿಂದ ಸಾಮಾನ್ಯವಾಗಿ ಅರ್ಧಕ್ಕರ್ಧ ಬೆರೆಸುವುದು ರೂಢಿ.

ಈಗ ಕೆಲಸದ ಕ್ರಮ. ಎಂಜಿನ್ನು ಪೂರಾ ಆರಿರಬೇಕು; ರಾತ್ರಿಯೆಲ್ಲ ನಿಂತ ಗಾಡಿಯನ್ನು ಬೆಳಗ್ಗೆ ಹಿಡಿಯುವುದು ಉತ್ತಮ. ಬಿಸಿಯಾದ ಗಾಡಿಯ ಮುಚ್ಚಳವನ್ನು ಎಂದೆಂದಿಗೂ ತೆರೆಯತಕ್ಕದ್ದಲ್ಲ. ಮುಚ್ಚಳವು ಒಳಗಿನ ಒತ್ತಡವನ್ನು ಸುಮಾರು ಇಮ್ಮಡಿಯಾಗಿ ಹಿಡಿದಿರುವುದರಿಂದ, ನೂರು ಡಿಗ್ರಿ ದಾಟಿದ ದ್ರವವೂ ಕುದಿಯದೆ ಸುಮ್ಮನಿರುತ್ತದೆ. ಮುಚ್ಚಳವು ಸಡಿಲಿದೊಡನೆ ಅದು ಒಮ್ಮೆಲೇ ಹಬೆಯಾಗಿ ಮುಖಕ್ಕೆ ಚಿಮ್ಮುತ್ತದೆ. ಹೀಗೆ ಮುಖ, ಎದೆ, ಕೈಗಳನ್ನು ಬೇಯಿಸಿಕೊಂಡವರು ಅನೇಕರು. ಕಾದ ಎಂಜಿನ್ನಿಗೆ ತಣ್ಣೀರು ಸುರಿದರೆ ಲೋಹವು ಬಿರಿಯಲೂಬಹುದು. ವಿದ್ಯುತ್ ಪಂಖವು ಎಂಜಿನ್ನು ನಿಂತ ಮೇಲೂ ತಾನಾಗಿ ತಿರುಗುವುದುಂಟಾದ್ದರಿಂದ ಅದರ ಬಳಿ ಕೈಯಿಡಬಾರದು.

ಮುಚ್ಚಳವನ್ನು ತೆಗೆದು, ರೇಡಿಯೇಟರಿನ ಅಡಿಯ ತಿರುಪನ್ನಾಗಲಿ ಕೆಳಗಿನ ರಬ್ಬರು ಕೊಳವೆಯನ್ನಾಗಲಿ ಬಿಚ್ಚಿ, ಹಳೆಯ ದ್ರವವನ್ನು ಅಗಲವಾದ ಬೋಗುಣಿಗೆ ಇಳಿಸಬೇಕು. ಎಷ್ಟು ಲೀಟರು ಬಂತೆಂಬುದನ್ನು ಅಳೆದು ಬರೆದಿಟ್ಟುಕೊಳ್ಳಬೇಕು. ಬಿಚ್ಚಿದ್ದನ್ನು ಮತ್ತೆ ಬಿಗಿದು, ನೀರು ತುಂಬಿ, ಮುಚ್ಚಳ ಹಾಕಿ ಎಂಜಿನ್ನನ್ನು ನಡೆಸಬೇಕು. ಹಿಂದೆ ಹೇಳಿದ ಬಾಗಿಲು ತೆರೆದಲ್ಲದೆ ಎಂಜಿನ್ನಿನೊಳಗಿನ ಕೊಳೆ ಹೊರಬರಲಾರದು. ರೇಡಿಯೇಟರಿನ ಮೇಲಿನ ಕೊಳವೆಯೂ ಬಿಸಿಯಾದರೆ ಬಾಗಿಲು ತೆರೆದಿದೆಯೆಂದು ತಿಳಿಯಬೇಕು. ಆಮೇಲೆ ನಿಲ್ಲಿಸಿ, ಪೂರಾ ಆರಗೊಟ್ಟು, ಮತ್ತೆ ಇಳಿಸಬೇಕು.

ಎಷ್ಟು ಸಲ ಹೀಗೆ ಮಾಡಬೇಕು? ಲೆಕ್ಕ ಹಾಕೋಣ. ಗಾಡಿಯು ಹಿಡಿಯುವುದು 5 ಲೀಟರು, ಪ್ರತಿ ಸಲ ಇಳಿಯುವುದು 3 ಲೀಟರು ಎಂದಿಟ್ಟುಕೊಳ್ಳಿ. 2 ಲೀಟರು ಒಳಗೇ ಉಳಿಯುತ್ತದೆ. ಮೊದಲ ಸಲದ ತರುವಾಯ ಹಳೆಯದರಲ್ಲಿ ನೂರಕ್ಕೆ 40 ಪಾಲು ಉಳಿಯಿತು. ಎರಡನೆಯ ಸಲ 16. ಮೂರನೆಯ ಸಲ 6. ನಾಲ್ಕನೆಯ ಸಲ 3ಕ್ಕೂ ಕಡಮೆ. ಅಂದರೆ ನಾಲ್ಕು ಸಲ ಸಾಕು. ಕೊನೆಯ ಎರಡು ಸಲಕ್ಕೆ ಬ್ಯಾಟರಿಗೆ ಹಾಕುವ ಬಟ್ಟಿ ಇಳಿಸಿದ ನೀರನ್ನೇ ಬಳಸಿದರೆ, ಗಡಸು ನೀರೂ ಬಹುಮಟ್ಟಿಗೆ ಹೊರಬೀಳುತ್ತದೆ. ಹಳ್ಳಿಯ ಶುದ್ಧ ಕುಡಿಯುವ ನೀರಿನ ಘಟಕದ ನೀರು ಕೊಳವೆ ಬಾವಿಯ ನೀರಿಗಿಂತ ಮೇಲಾದರೂ ಅದರಲ್ಲಿ ಲವಣಗಳು ಸ್ವಲ್ಪ ಉಳಿದಿರುತ್ತವೆ. ದಾರಿಯಲ್ಲಿ ಕಷ್ಟಕ್ಕೆ ಸಿಕ್ಕಿದಾಗ ಅದು ಒದಗಲಿ. ಹಂಡೆಯನ್ನು ಹುಣಿಸೆಹಣ್ಣಿನಿಂದ ತಿಕ್ಕುವಂತೆ ಇಲ್ಲಿಯೂ ಹುಳಿಯನ್ನೋ ಶೌಚಗೃಹ ತೊಳೆಯುವ ಆಮ್ಲವನ್ನೋ ಸುರಿಯಬಾರದು. ಆಮ್ಲವು ಸುಣ್ಣದೊಡನೆ ಅಲ್ಯುಮಿನಿಯಮ್ಮನ್ನೂ ತಿನ್ನುತ್ತದೆ.

ತುಂಬುವಾಗ ಮಾಡುವ ಸಾಮಾನ್ಯ ತಪ್ಪೊಂದುಂಟು. ಅಂಗಡಿಯಲ್ಲಿ ನೀರು ಬೆರೆಸಿಯೇ ಮಾರುವ ಕೂಲೆಂಟನ್ನು 3 ಲೀಟರು ಹಾಕಿದರೆಂದು ಭಾವಿಸಿ. ಅದರಲ್ಲಿ ನಿಜವಾದ ಕೂಲೆಂಟು ಒಂದೂವರೆ ಲೀಟರು; ಒಳಗೆ ಉಳಿದ 2 ಲೀಟರು ನೀರು ಸೇರಿ ಐವತ್ತರ ಬದಲು ನೂರಕ್ಕೆ ಮೂವತ್ತೇ ಪಾಲಾಗುತ್ತದೆ. ಆದ್ದರಿಂದ ನೀರು ಬೆರೆಸದ ಗಟ್ಟಿ ಕೂಲೆಂಟನ್ನು ತಂದು ಮೊದಲು ಎರಡೂವರೆ ಲೀಟರು ಹಾಕಿ, ಉಳಿದ ಅರ್ಧ ಲೀಟರನ್ನು ಬಟ್ಟಿ ಇಳಿಸಿದ ನೀರಿನಿಂದ ತುಂಬಬೇಕು. ಯಾವ ಜಾತಿಯ ಕೂಲೆಂಟು, ಎಷ್ಟು ಪ್ರಮಾಣ, ಎಷ್ಟು ವರ್ಷಕ್ಕೊಮ್ಮೆ ಎಂಬುದಕ್ಕೆ ಗಾಡಿಯ ಕೈಪಿಡಿಯೇ ಪ್ರಮಾಣ; ಬಣ್ಣ ಒಂದೇ ಎಂಬ ಮಾತ್ರಕ್ಕೆ ಜಾತಿ ಒಂದೇ ಆಗುವುದಿಲ್ಲ.

ಬಳಿಕ ಒಳಗೆ ಸಿಕ್ಕಿದ ಗಾಳಿಯನ್ನು ಹೊರಡಿಸಬೇಕು. ಗಾಳಿಯ ಗುಳ್ಳೆಯಿದ್ದೆಡೆ ದ್ರವವು ಮುಟ್ಟದೆ ಲೋಹವು ಕಾಯುತ್ತದೆ. ಮೆಲ್ಲಗೆ ಸುರಿಯುವುದು, ಒಳಗಣ ಹೀಟರನ್ನು ಪೂರಾ ಬಿಸಿಗೆ ತಿರುಗಿಸುವುದು, ಗಾಳಿ ಬಿಡುವ ತಿರುಪಿದ್ದರೆ ಕೈಪಿಡಿ ಹೇಳಿದಂತೆ ಅದನ್ನು ಸಡಿಲಿಸುವುದು, ಎಂಜಿನ್ನು ನಡೆದು ಆರಿದ ಮೇಲೆ ಮಟ್ಟವನ್ನು ಮತ್ತೆ ನೋಡಿ ತುಂಬುವುದು, ಇವೇ ಉಪಾಯಗಳು. ಮುಂದಿನ ಕೆಲವು ದಿನ ಬೆಳಗ್ಗೆ ಮಟ್ಟವನ್ನು ನೋಡುತ್ತಿರಬೇಕು. ಇಷ್ಟು ಮಾಡಿದರೂ ಗಾಡಿ ಕಾಯುತ್ತಿದ್ದರೆ, ಅಥವಾ ದ್ರವವು ಕಾರಣವಿಲ್ಲದೆ ಇಳಿಯುತ್ತಿದ್ದರೆ, ಪಂಖ, ಪಂಪು, ಥರ್ಮೋಸ್ಟಾಟ್ ಅಥವಾ ಗ್ಯಾಸ್ಕೆಟ್ಟುಗಳಲ್ಲಿ ದೋಷವಿರಬಹುದು. ಆಗ ಮೆಕ್ಯಾನಿಕ್ಕಿಗೆ ತೋರಿಸುವುದೇ ವಿವೇಕ.

ಎಲ್ಲಕ್ಕಿಂತ ಮುಖ್ಯವಾದ ಮಾತನ್ನು ಕೊನೆಗೆ ಇಟ್ಟುಕೊಂಡಿದ್ದೇವೆ. ಬೋಗುಣಿಗೆ ಇಳಿಸಿದ ಹಳೆಯ ಕೂಲೆಂಟು ವಿಷ. ಆದರೆ ಅದರ ರುಚಿ ಸಿಹಿ. ನಾಯಿ, ಕರು, ಕೂಸು, ಯಾವುದಕ್ಕೂ ಅದು ವಿಷವೆಂದು ನಾಲಗೆಯಿಂದ ತಿಳಿಯುವಂತಿಲ್ಲ. ಶರೀರದೊಳಗೆ ಅದು ಆಕ್ಸಾಲಿಕ್ ಆಮ್ಲವಾಗಿ ಮಾರ್ಪಟ್ಟು ಮೂತ್ರಪಿಂಡಗಳನ್ನು ಕೆಡಿಸುತ್ತದೆ. ಬೆಳೆದ ಮನುಷ್ಯನಿಗೂ ಸುಮಾರು 100 ಮಿಲಿಲೀಟರು ಗಟ್ಟಿ ದ್ರವ ಪ್ರಾಣಾಂತಿಕವಾಗಬಲ್ಲದು; ಮಗುವಿಗೆ ಕೆಲವು ಗುಟುಕೇ ಸಾಕು. ಕುಡಿದ ಮೊದಲಲ್ಲಿ ಕುಡಿತದ ಅಮಲಿನಂತೆ ಮಾತ್ರ ಕಂಡು, ಕೆಡುಕು ತಡವಾಗಿ ತೋರುವುದರಿಂದ, ಸಂಶಯ ಬಂದೊಡನೆಯೇ ಆಸ್ಪತ್ರೆಗೆ ಓಡಬೇಕು. ಬೇಗನೆ ಹೋದರೆ ಇದಕ್ಕೆ ಪ್ರತಿವಿಷವುಂಟು. ಆದ್ದರಿಂದ ಬೋಗುಣಿಯನ್ನು ಕೊಟ್ಟಿಗೆಯ ಬಳಿ ಕ್ಷಣಮಾತ್ರವೂ ತೆರೆದಿಡದೆ, ನೆಲದ ಮೇಲೆ ಚೆಲ್ಲಿದ್ದನ್ನು ಕೂಡಲೆ ತೊಳೆದು, ಹಳೆಯ ದ್ರವವನ್ನೂ ಮೊದಲ ತೊಳೆನೀರನ್ನೂ ಮುಚ್ಚಳವುಳ್ಳ ಡಬ್ಬಿಯಲ್ಲಿ ತುಂಬಿ, ಮೇಲೆ ವಿಷವೆಂದು ಬರೆದು, ಅದನ್ನು ಸರಿಯಾಗಿ ವಿಲೇವಾರಿ ಮಾಡುವ ದುರಸ್ತಿ ಶಾಲೆಗೆ ಒಪ್ಪಿಸಬೇಕು. ಚರಂಡಿಗೆ, ತೋಟದ ಬುಡಕ್ಕೆ, ಕೆರೆಯ ಅಂಗಳಕ್ಕೆ ಸುರಿಯಲಾಗದು. ಕುಡಿಯುವ ನೀರಿನ ಡಬ್ಬಿಯಲ್ಲಂತೂ ಅದನ್ನು ಎಂದಿಗೂ ಇಡಬಾರದು.

ಗಾಡಿಯ ಒಡೆಯರು ವರ್ಷದಲ್ಲಿ ಒಂದು ದಿನ, ಬಿಸಿಲೇರುವ ಮುನ್ನ, ಕೈಪಿಡಿಯನ್ನು ತೆರೆದು ತಮ್ಮ ಗಾಡಿಯ ತಂಪುದ್ರವಕ್ಕೆ ಎಷ್ಟು ವಯಸ್ಸಾಯಿತೆಂದು ನೋಡಿಕೊಳ್ಳಲಿ.